‘ತುರ್ತೇನಿಲ್ಲ’ ಎಂಬ ಅಪ್ಪಣೆ

ಕಳೆದ ದೀಪಾವಳಿಯ ನರಕ ಚತುರ್ದಶಿಯಂದು ನಸುಕಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಏನು ಮಾಡುತ್ತಿದ್ದಳೆಂಬುದನ್ನು ಮೊನ್ನೆ ಅವಳ ಬಾಯಿಂದಲೇ ಕೇಳಿದೆ. ಹಬ್ಬಕ್ಕೆಂದು ಊರಿಗೆ ಹೋಗಿದ್ದಳು. ತಾಯಿ ಎಣ್ಣೆಯ ಬಟ್ಟಲು ಹಿಡಿದು, ಹಂಡೆಯ ನೀರು ಆರುತ್ತಿದೆಯೆಂದು ಮೂರು ಸಲ ಕೂಗಿದರಂತೆ. ಮಗಳು ಮಂಚದ ಅಂಚಿನಲ್ಲಿ ಕುಳಿತು, ತಾನು ದುಡಿಯುವ ಕಂಪನಿಯ ಪರವಾಗಿ, ‘ಈ ಹಬ್ಬವನ್ನು ಮನೆಮಂದಿಯೊಡನೆ ನೆಮ್ಮದಿಯಿಂದ ಆಚರಿಸಿ’ ಎಂಬ ಶುಭಾಶಯವನ್ನು ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಮಿಗೂ ಏರಿಸುತ್ತಿದ್ದಳು. ವಾರದ ಮುಂಚೆಯೇ ಬರೆದುಕೊಟ್ಟಿದ್ದಳು, ಒಪ್ಪಿಗೆ ಬಂದಿರಲಿಲ್ಲ. ‘ನೆಮ್ಮದಿ’ ಬೇಡ, ‘ಸಂಭ್ರಮ’ ಇರಲಿ ಎಂದು ಆ ನಸುಕಿನಲ್ಲಿ ಮೇಲಿನವರ ಸಂದೇಶ ಬಂತು. ತಿದ್ದಿದಳು. ಅರ್ಧ ಗಂಟೆಯ ಮೇಲೆ ಮತ್ತೆ ‘ನೆಮ್ಮದಿ’ಯೇ ಇರಲೆಂದು ಅಪ್ಪಣೆಯಾಯಿತು. ಅಷ್ಟರಲ್ಲಿ ನೀರು ತಣ್ಣಗಾಗಿತ್ತು.

ಕೇಳಿ ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಕನ್ನಡ ಎಂ.ಎ. ಮಾಡಿದ ನಮ್ಮ ಮಕ್ಕಳಲ್ಲಿ ಎಲ್ಲರೂ ಈಗ ಮೇಷ್ಟರಾಗುವುದಿಲ್ಲ. ಹಲವರು ‘ಸಂವಹನ’ ಎಂಬ ಹೊಸ ಉದ್ಯೋಗಕ್ಕೆ ಸೇರುತ್ತಾರೆ. ಕಂಪನಿಗಳ, ಆಸ್ಪತ್ರೆಗಳ, ಇಲಾಖೆಗಳ ಪರವಾಗಿ ಜಾಲತಾಣದಲ್ಲಿ ಮಾತಾಡುವ ಉದ್ಯೋಗ. ಕನ್ನಡ ಬಲ್ಲವರಿಗೆ ಅನ್ನ ಸಿಕ್ಕಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಅನ್ನವನ್ನು ಉಣ್ಣಲು ಅವರಿಗೆ ಬಿಡುವು ಉಂಟೆ ಎಂದು ನಾವು ಯಾರೂ ವಿಚಾರಿಸಲಿಲ್ಲ.

ಈ ಉದ್ಯೋಗದ ನಾಯಕರೆನಿಸಿಕೊಂಡವರ ಒಂದು ಮಾತನ್ನು ನೋಡಿ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ. ಅದರ ಬಾಲದಲ್ಲಿ ‘ತುರ್ತೇನಿಲ್ಲ, ನೆನಪಾಯಿತು, ಹಾಕಿದೆ’ ಎಂಬ ಒಕ್ಕಣೆ. ತುರ್ತಿಲ್ಲದಿದ್ದರೆ ಹಾಕಿದ್ದೇಕೆ? ಓದಿದವರ ಹೆಸರು ನೀಲಿ ಗುರುತಿನಲ್ಲಿ ತಿಳಿಯುವ ವ್ಯವಸ್ಥೆ 2014ರಲ್ಲಿ ಬಂತು. ಒಬ್ಬರಿಗೊಬ್ಬರ ಮಾತುಕತೆಯಲ್ಲಿ ಅದನ್ನು ಆರಿಸಿಡಬಹುದು, ಗುಂಪಿನಲ್ಲಿ ಆಗದು. ಓದಿಯೂ ಸುಮ್ಮನಿದ್ದವರು ಯಾರೆಂಬುದು ಯಜಮಾನರಿಗೆ ಬೆರಳ ತುದಿಯಲ್ಲಿ ಗೊತ್ತಾಗುತ್ತದೆ. ಮೊದಲು ಒಬ್ಬ ‘ಆಗಲಿ ಸಾರ್’ ಎನ್ನುತ್ತಾನೆ. ಐದು ನಿಮಿಷದಲ್ಲಿ ಹನ್ನೆರಡು ಜನ ಎನ್ನುತ್ತಾರೆ. ಹೀಗೆ ಕೇಳದೆಯೇ ಪಡೆದ ವಿಧೇಯತೆಗೆ ‘ತಂಡದ ಉತ್ಸಾಹ’ ಎಂದು ಹೆಸರು.

2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಎಂದರು. ನಾವೆಲ್ಲ ಬೈದೆವು, ಬೈಯಬೇಕಾದದ್ದೇ. ಆದರೆ ಅವರಾದರೂ ಒಂದು ಅಂಕಿ ಹೇಳಿದರು. ಅಂಕಿಯಿದ್ದರೆ ಜಗಳವಾಡಬಹುದು. ಈ ‘ತುರ್ತೇನಿಲ್ಲ’ದವರದು ಲೆಕ್ಕಕ್ಕೇ ಸಿಗದ ದುಡಿಮೆ.

ಸುದ್ದಿಗೆ ನಿದ್ದೆಯಿಲ್ಲ, ಜನರ ದೂರಿಗೆ ಹೊತ್ತಿಲ್ಲ, ಇದು ವೃತ್ತಿಯ ಸ್ವಭಾವ ಎಂದು ಅವರ ಉತ್ತರ. ಒಪ್ಪೋಣ. ಆದರೆ ಪತ್ರಿಕಾ ಕಚೇರಿಯಲ್ಲಿ ರಾತ್ರಿ ಕೆಲಸ ಎಂದೂ ಇತ್ತಲ್ಲ? ಅಲ್ಲಿ ರಾತ್ರಿಪಾಳಿಯ ಉಪಸಂಪಾದಕ ಬರುತ್ತಿದ್ದ, ಪುಟ ಮುಗಿಸುತ್ತಿದ್ದ, ಹೋಗಿ ಮಲಗುತ್ತಿದ್ದ. ಹಗಲಿನವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ ನಾಲ್ಕು ವಾರಕ್ಕೆ 144 ಗಂಟೆಯೆಂದು ಮಿತಿ ಹಾಕಿತು. ಏಳು ದಿನಕ್ಕೊಮ್ಮೆ 24 ಗಂಟೆ ಬಿಡುವು. ದಿನಕ್ಕೆ ಆರು ಗಂಟೆಯ ಲೆಕ್ಕ! ಅದು ಎಲ್ಲ ಕಚೇರಿಗಳಲ್ಲೂ ನಡೆಯಿತೆಂದು ನಾನು ಹೇಳಲಾರೆ. ಆದರೂ ಸುದ್ದಿಗೆ ನಿದ್ದೆಯಿಲ್ಲದಿದ್ದರೂ ಸುದ್ದಿಗಾರನಿಗೆ ಉಂಟೆಂದು ಆ ಕಾಲದ ಸಂಸತ್ತಿಗೆ ಗೊತ್ತಿತ್ತು. ನನ್ನ ಶಿಷ್ಯೆ ಪತ್ರಕರ್ತೆಯಲ್ಲ. ಅವಳಿಗೆ ಆ ಲೆಕ್ಕವಿಲ್ಲ. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆ ದಿನಕ್ಕೆ 9 ಗಂಟೆ ಎಂದಿತು. ಐಟಿ ಕಂಪನಿಗಳಲ್ಲಿ ಅದನ್ನು 14ಕ್ಕೆ ಏರಿಸುವ ಪ್ರಸ್ತಾಪ 2024ರಲ್ಲಿ ಎದ್ದು, ನೌಕರರ ಸಂಘದವರು ಪ್ರತಿಭಟಿಸಬೇಕಾಯಿತು.

ರಾತ್ರಿ ಉತ್ತರಿಸುವವರು ಬೇಕೇ ಬೇಕೆಂದರೆ ರಾತ್ರಿಗೆ ಒಬ್ಬರನ್ನು ಇಡಿ, ಮರುದಿನ ಅವರಿಗೆ ರಜೆ ಕೊಡಿ. ಆಸ್ಪತ್ರೆಯ ದಾದಿಗೂ ಬಸ್ಸಿನ ಚಾಲಕನಿಗೂ ಪಾಳಿಯುಂಟು. ಇಲ್ಲಿ ಮಾತ್ರ ಏಕಿಲ್ಲ? ಇನ್ನೊಂದು ಸಂಬಳ ಕೊಡಬೇಕಾಗುತ್ತದೆ, ಅದಕ್ಕೆ. ಆ ಸಂಬಳವನ್ನು ಉಳಿಸುವುದಕ್ಕೆ ‘ಸಮರ್ಪಣಾ ಮನೋಭಾವ’ ಎಂಬ ದೊಡ್ಡ ಮಾತನ್ನು ತಂದಿದ್ದಾರೆ. ಮಾತೇ ಬಂಡವಾಳವಾದ ಉದ್ಯೋಗ ನೋಡಿ; ಮೊದಲು ಮೋಸಹೋಗುವವರೂ ಒಳಗಿನವರೇ.

ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಐವತ್ತು ಜನರಿರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆಯ ಸಂಪರ್ಕದ ಬಗ್ಗೆ ನೌಕರರೊಡನೆ ಕುಳಿತು ಮಾತಾಡಬೇಕೆಂಬ ಕಾನೂನಿದೆ. ಆಸ್ಟ್ರೇಲಿಯ 2024ರ ಆಗಸ್ಟಿನಲ್ಲಿ ಇನ್ನೊಂದು ಹೆಜ್ಜೆ ಹೋಯಿತು: ಯಜಮಾನ ಸಂದೇಶ ಕಳಿಸಬಹುದು, ಆದರೆ ನಿರಾಕರಣೆ ತೀರ ಅಸಮಂಜಸವಾಗದ ಹೊರತು ಅದನ್ನು ನೋಡದಿರುವ ಹಕ್ಕು ನೌಕರನದು. ನಮ್ಮಲ್ಲಿ ಸುಪ್ರಿಯಾ ಸುಳೆಯವರು 2018ರ ಕೊನೆಯಲ್ಲಿ ಲೋಕಸಭೆಯಲ್ಲಿ ಇಂಥದೇ ಒಂದು ಖಾಸಗಿ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ.

ಕಾನೂನು ಬರುವವರೆಗೆ ಕಾಯಬೇಕಾದ್ದೂ ಇಲ್ಲ. ಬರೆದ ಪತ್ರ ಬೆಳಿಗ್ಗೆ ಒಂಬತ್ತಕ್ಕೇ ಹೋಗುವಂತೆ ಇಡುವ ಸೌಕರ್ಯ ಜಿಮೇಲಿನಲ್ಲಿ 2019ರಿಂದ ಇದೆ. ಒಂದು ಗುಂಡಿ ಒತ್ತಬೇಕು, ಅಷ್ಟೆ. ಒತ್ತದ ಯಜಮಾನರು ಮರೆತಿರುವುದಿಲ್ಲ; ತಾವು ಎಚ್ಚರವಿದ್ದುದು ಕೆಳಗಿನವರಿಗೆ ಕಾಣಬೇಕೆಂಬ ಆಸೆ ಅದು.

ಇದನ್ನೆಲ್ಲ ನಾನು ಆವೇಶದಿಂದ ಹೇಳುತ್ತಿದ್ದಾಗ ಶಿಷ್ಯೆ ಕಾಫಿ ಲೋಟ ಕೆಳಗಿಟ್ಟು, “ಸಾರ್, ತಪ್ಪು ತಿಳಿಯಬೇಡಿ, ಕಿರುಪರೀಕ್ಷೆಯ ವಿಷಯವನ್ನು ನೀವೂ ನಮ್ಮ ಗುಂಪಿಗೆ ರಾತ್ರಿ ಹತ್ತರ ಮೇಲೆಯೇ ಹಾಕುತ್ತಿದ್ದಿರಿ” ಎಂದಳು.

“ಹೌದೇನಮ್ಮ?” ಎಂದೆ. ಫೋನು ತೆಗೆದು ಹಳೆಯ ಗುಂಪನ್ನೇ ತೋರಿಸಿದಳು. ಹತ್ತು ನಲವತ್ತಕ್ಕೆ ನನ್ನ ಸಂದೇಶ. ಕೆಳಗೆ ಸಾಲಾಗಿ ‘ಆಗಲಿ ಸಾರ್’.

ಮೂರು ವಾರದಿಂದ ಸಂಜೆ ಆರರ ಮೇಲೆ ಗುಂಪಿಗೆ ಏನನ್ನೂ ಹಾಕುತ್ತಿಲ್ಲ. ಬೆಳಿಗ್ಗೆ ತರಗತಿಯಲ್ಲೇ ಹೇಳುತ್ತೇನೆ. ಇದುವರೆಗೆ ಯಾವ ಪರೀಕ್ಷೆಯೂ ನಿಂತಿಲ್ಲ.