ಉಕ್ಕಿನ ಕೇಬಲ್ ಬಿಡಿ, ಆದರೆ ರಾಟೆ ನೋಡಿ

ಮೇ ತಿಂಗಳು ಬಂತೆಂದರೆ ಮುಂಬೈ ಬಂದರಿನ ಹಾಯಿದೋಣಿಗಳು ಒಂದೊಂದಾಗಿ ದಡ ಸೇರುತ್ತವೆ. ಮಳೆಗಾಲ ಮುಗಿಯುವವರೆಗೆ ಅವಕ್ಕೆ ರಜೆ. ದೋಣಿಯ ತಳದ ಭಾರವಾದ ಸೆಂಟರ್‌ಬೋರ್ಡನ್ನು ಮೇಲೆತ್ತಲು ಒಂದು ವಿಂಚ್, ದೋಣಿಯನ್ನೇ ಟ್ರೇಲರ್ ಮೇಲೆ ಎಳೆಯಲು ಇನ್ನೊಂದು. ಎರಡರಲ್ಲೂ ಸಾಮಾನ್ಯವಾಗಿ ಇರುವುದು ಕಿರುಬೆರಳಿಗಿಂತ ತೆಳುವಾದ ಉಕ್ಕಿನ ಕೇಬಲ್. ವಾರಾಂತ್ಯಕ್ಕೆ ಬಂದು ಹಾಯಿ ಬಿಚ್ಚುವ ನನ್ನಂಥ ಐಟಿ ಮಂದಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಅದನ್ನು ಮುಟ್ಟುವವರು ದಿನಗೂಲಿ ಹುಡುಗರು. ಕೇಬಲ್‌ನ ಸಣ್ಣ ತಂತಿಯೊಂದು ತುಂಡಾದರೆ ಅದರ ತುದಿ ಗಾಳದಂತೆ ಹೊರಗೆ ಚಾಚುತ್ತದೆ. ಕೈಜಾರಿದರೆ ಅಂಗೈ ಸೀಳುತ್ತದೆ. ಕೇಬಲ್ ಬದಲಿಸುವ ನಿರ್ಧಾರ ಮಾತ್ರ ಆ ಅಂಗೈಯದಲ್ಲ, ಸಭೆಯಲ್ಲಿ ಚಹಾ ಕುಡಿಯುವವರದು. ನನ್ನ ತಕರಾರು ಇರುವುದೇ ಇಲ್ಲಿ.

ಉಕ್ಕನ್ನು ತೆಗೆದು ಡೈನೀಮಾದಂಥ ಸಿಂಥೆಟಿಕ್ ಹಗ್ಗ ಹಾಕಬೇಕು ಎಂದರೆ ಹಳಬರು ನಗುತ್ತಾರೆ. 'ಲೋಹಾ ಆಖಿರ್ ಲೋಹಾ ಹೈ' ಎನ್ನುವ ವಾದ. ಲೆಕ್ಕ ಬೇರೆಯೇ ಹೇಳುತ್ತದೆ. 6 ಮಿಲಿಮೀಟರ್ ದಪ್ಪದ ಉಕ್ಕಿನ ಕೇಬಲ್ ಹತ್ತು ಮೀಟರಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗಿದರೆ, ಅದೇ ದಪ್ಪದ ಈ ಹಗ್ಗ ಕಾಲು ಕಿಲೋ ಆಸುಪಾಸು. ಎಳೆತ ತಾಳುವ ಶಕ್ತಿಯಲ್ಲಿ ಹಗ್ಗವೇ ಮುಂದು. ನೀರಿಗೆ ಬಿದ್ದರೆ ತೇಲುತ್ತದೆ. ತುಕ್ಕು ಹಿಡಿಯುವ ಮಾತೇ ಇಲ್ಲ. ಸ್ಟೇನ್‌ಲೆಸ್ ಕೂಡ ಉಪ್ಪುನೀರಿಗೆ ಸೋಲುತ್ತದೆ: ಎಳೆಗಳ ನಡುವೆ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಉಕ್ಕಿನ ರಕ್ಷಾಪದರ ಮತ್ತೆ ಕೂಡಿಕೊಳ್ಳುವುದಿಲ್ಲ. ಹೊರಗೆ ಫಳಫಳ, ಒಳಗೆ ಟೊಳ್ಳು. ಹಗ್ಗ ಹಾಗಲ್ಲ, ಸವೆದರೆ ಮೈಮೇಲೆ ಜುಂಗು ಎದ್ದು ತಾನೇ ತೋರಿಸಿಕೊಡುತ್ತದೆ.

ಹಾಗೆಂದು ಅಂಗಡಿಯಿಂದ ತಂದು ಸುತ್ತಿಬಿಟ್ಟರೆ ಮುಗಿಯಲಿಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಲೈಬ್ರರಿ ಬದಲಿಸಿ ಅದನ್ನು ಅವಲಂಬಿಸಿದ್ದನ್ನು ನೋಡದಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ. ವರ್ಷಗಟ್ಟಲೆ ಉಕ್ಕು ಉಜ್ಜಿದ ರಾಟೆಯ ಗಾಡಿಯಲ್ಲಿ ಗರಗಸದ ಹಲ್ಲಿನಂಥ ಗೀರುಗಳಿರುತ್ತವೆ; ಕೇಬಲ್ ಅದನ್ನು ಲೆಕ್ಕಿಸುವುದಿಲ್ಲ, ಹಗ್ಗ ತುಂಡಾಗುತ್ತದೆ. ರಾಟೆಯನ್ನು ಬಿಚ್ಚಿ ಬೆರಳಾಡಿಸಿ ನೋಡಬೇಕು, ಗೀರಿದ್ದರೆ ಬದಲಿಸಬೇಕು. ಸೆಂಟರ್‌ಬೋರ್ಡಿನ ಬಾಯಿಯಲ್ಲಿ ಅಂಟಿದ ಚಿಪ್ಪುಗಳೂ ಬ್ಲೇಡಿನಂತೆಯೇ, ಕೆರೆದು ತೆಗೆಯಬೇಕು. ಈ ಹಗ್ಗ ಬಹಳ ನುಣುಪು. ಮಾಮೂಲಿ ಗಂಟು ಹಾಕಿದರೆ ಜಾರುತ್ತದೆ, ಜಾರದಿದ್ದರೂ ಅರ್ಧದಷ್ಟು ಶಕ್ತಿ ಹೋದಂತೆಯೇ. ಹಗ್ಗದ ತುದಿಯನ್ನು ಅದರ ಹೊಟ್ಟೆಯೊಳಗೇ ತೂರಿಸಿ ಹೆಣೆಯಬೇಕು. ದಪ್ಪದ ಸುಮಾರು 70 ಪಟ್ಟು ಉದ್ದ ಒಳಗಿರಬೇಕು, ಅಂದರೆ 6 ಮಿಲಿಮೀಟರ್ ಹಗ್ಗಕ್ಕೆ 40 ಸೆಂಟಿಮೀಟರಿಗೂ ಮಿಕ್ಕಿ. ಮೇಲೊಂದು ಹೊಲಿಗೆ. ವಿಂಚಿನ ಡ್ರಮ್ಮಿನ ಮೇಲೂ ಎಂಟು-ಹತ್ತು ಸುತ್ತು ಬಿಚ್ಚದೆ ಉಳಿಯಬೇಕು. ಬಿಸಿಗೆ ಇದು ಹೆದರುತ್ತದೆ. ಸುಮಾರು 150 ಡಿಗ್ರಿಗೆ ಕರಗಿಹೋಗುತ್ತದೆ, ಅದಕ್ಕೂ ಮೊದಲೇ ದುರ್ಬಲವಾಗುತ್ತದೆ. ಡ್ರಮ್ಮಿನ ಒಳಗೇ ಬ್ರೇಕ್ ಇರುವ ವಿಂಚಿಗೆ ಇದನ್ನು ಹಾಕಲು ನಾನು ಹೇಳುವುದಿಲ್ಲ. ಮತ್ತೆ, ಹಗುರ ಹಗ್ಗವೆಂದು ಅದು ಎಳೆತದಲ್ಲಿರುವಾಗ ಎದುರಿಗೆ ನಿಲ್ಲುವುದು ಬೇಡ. ಉಕ್ಕಿನಷ್ಟು ಭೀಕರವಲ್ಲದಿದ್ದರೂ ಹರಿದಾಗ ಹೊಡೆತ ಹೊಡೆತವೇ.

ಬೆಲೆ ಹೆಚ್ಚು, ನಿಜ. 'ಇನ್ನೊಂದು ಸೀಸನ್ ನಡೆಯುತ್ತೆ ಬಿಡಿ' ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಆದರೆ ಬೇಕಾಗಿರುವುದು ಹತ್ತೋ ಹದಿನೈದೋ ಮೀಟರು. ಹೊಸ ಹಾಯಿಗೆ ಮುಖ ನೋಡದೆ ಹಣ ಕೊಡುವವರು ಇದಕ್ಕೆ ಚೌಕಾಸಿ ಮಾಡುವುದು ನನಗೆ ಅರ್ಥವಾಗುವುದಿಲ್ಲ. ನಮ್ಮ ಕರಾವಳಿಯ ಮೀನುಗಾರರು ಕತ್ತದ ಹಗ್ಗ ಬಿಟ್ಟು ನೈಲಾನಿಗೆ ಬಂದದ್ದು ಚೆಂದಕ್ಕಲ್ಲ. ಒದ್ದೆಯಲ್ಲಿ ಕೊಳೆಯದ್ದು ಅವರಿಗೆ ಬೇಕಿತ್ತು.

ಈ ಮೇ ತಿಂಗಳಲ್ಲಿ ದೋಣಿ ಮೇಲೆಳೆಯುವ ಮೊದಲೇ ಈ ಕೆಲಸ ಆಗಲಿ. ಬಿಚ್ಚಿದ ಹಳೇ ಕೇಬಲನ್ನು ತುಂಡರಿಸಿ ಗುಜರಿಗೆ ಹಾಕಿ. ಶೆಡ್ಡಿನ ಮೂಲೆಯಲ್ಲಿ ಸುತ್ತಿಟ್ಟರೆ ಮುಂದಿನ ವರ್ಷ ಯಾರಾದರೂ ಅದನ್ನೇ ತಂದು ಕಟ್ಟುತ್ತಾರೆ.