ಕಿಲೋಮೀಟರಲ್ಲ, ರಾತ್ರಿಗಳನ್ನು ಎಣಿಸೋಣ

ಬೇಸಿಗೆ ರಜೆಗೆ ಇನ್ನೂ ನಾಲ್ಕು ತಿಂಗಳಿರುವಾಗಲೇ ಕಲ್ಯಾಣ ನಗರದಂಥ ಬಡಾವಣೆಗಳ ಮನೆಗಳಲ್ಲಿ ಪ್ರವಾಸದ ಲೆಕ್ಕಾಚಾರ ಆರಂಭವಾಗುತ್ತದೆ. ಒಂದು ತಲೆಮಾರಿನ ಹಿಂದೆ ಈ ಮಾತುಕತೆಯಲ್ಲಿ ಧರ್ಮಸ್ಥಳ, ತಿರುಪತಿ, ಊಟಿಗಳ ಹೆಸರು ಕೇಳಿಬರುತ್ತಿದ್ದವು. ಈಗ ಇಟಲಿಯ ಅಮಾಲ್ಫಿ, ಫ್ರಾನ್ಸಿನ ನೀಸ್, ಕ್ರೊವೇಷಿಯಾದ ಡುಬ್ರೋವ್ನಿಕ್ ಕೇಳಿಬರುತ್ತವೆ. ಭೂಮಧ್ಯ ಸಮುದ್ರದ, ಅಂದರೆ ಮೆಡಿಟರೇನಿಯನ್ ತೀರದಲ್ಲಿ ಬಾಡಿಗೆ ಕಾರು ಹಿಡಿದು ಐದಾರು ದಿನ ಸುತ್ತಿ ಬರುವುದು ಮಧ್ಯಮ ವರ್ಗದ ಹೊಸ ಹಂಬಲ. ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತೀಯರು 2023–24ರಲ್ಲಿ ವಿದೇಶ ಪ್ರಯಾಣಕ್ಕೆಂದು ಕಳುಹಿಸಿದ ಮೊತ್ತ ಸುಮಾರು 1,700 ಕೋಟಿ ಡಾಲರ್. ದುಡಿದವರು ತಮ್ಮ ದುಡ್ಡಿನಲ್ಲಿ ಲೋಕ ನೋಡಿ ಬರುವುದಕ್ಕೆ ಯಾರೂ ಆಕ್ಷೇಪಿಸಬೇಕಿಲ್ಲ. ಪರಿಶೀಲಿಸಬೇಕಾದುದು ಈ ಪ್ರವಾಸಕ್ಕೆ ನಾವು ಮಾಡಿಕೊಳ್ಳುವ ಸಿದ್ಧತೆಯ ಕ್ರಮವನ್ನು.

ಆ ಸಿದ್ಧತೆ ನಿಜಕ್ಕೂ ಮೆಚ್ಚುವಂಥದ್ದು. 2024ರ ಜೂನ್‌ನಲ್ಲಿ 90 ಯೂರೊಗೆ ಏರಿದ ಷೆಂಗೆನ್ ವೀಸಾ ಶುಲ್ಕ ಕಟ್ಟಿ, ದಾಖಲೆಗಳನ್ನು ಜೋಡಿಸಿ, ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯುತ್ತೇವೆ. ಇಟಲಿಯ ಹಳೆಯ ಪಟ್ಟಣಗಳ ನಿರ್ಬಂಧಿತ ವಲಯಕ್ಕೆ ಕಾರು ನುಗ್ಗಿಸಿದರೆ ಕ್ಯಾಮೆರಾ ಕಣ್ಣಿಗೆ ಬಿದ್ದು ದಂಡ ತೆರಬೇಕಾಗುತ್ತದೆ ಎಂಬುದನ್ನು ಮೊದಲೇ ಓದಿಕೊಳ್ಳುತ್ತೇವೆ. ಅಮಾಲ್ಫಿಯ ಪ್ರಸಿದ್ಧ ಕಡಲಂಚಿನ ರಸ್ತೆಯ ಉದ್ದ ಸುಮಾರು 50 ಕಿ.ಮೀ. ಮಾತ್ರ. ಅದನ್ನು ಒಂದು ಬೆಳಗಿನಲ್ಲಿ ಮುಗಿಸಿಬಿಡುವ ಯೋಚನೆ ಯಾರಿಗೂ ಬರುವುದಿಲ್ಲ. ಒಂದೇ ಊರಿನಲ್ಲಿ ಮೂರು ರಾತ್ರಿ ತಂಗಿ, ಅಲ್ಲಿಂದ ದಿನಕ್ಕೊಂದು ಹಳ್ಳಿ ನೋಡುತ್ತೇವೆ. 2022ರ ಬೇಸಿಗೆಯಲ್ಲಿ ಅಲ್ಲಿ ದಟ್ಟಣೆಯ ದಿನಗಳಿಗೆಂದು ಹೊರಗಿನವರ ವಾಹನಗಳ ಮೇಲೆ ಸಮ–ಬೆಸ ಸಂಖ್ಯೆಯ ನಿರ್ಬಂಧ ಜಾರಿಗೆ ಬಂದಾಗಲೂ ಪ್ರವಾಸಿಗರು ತಮ್ಮ ಯೋಜನೆಯನ್ನು ಅದಕ್ಕೆ ಹೊಂದಿಸಿಕೊಂಡರು.

ಇದೇ ಕುಟುಂಬ ದಸರೆಯಲ್ಲೋ ಡಿಸೆಂಬರ್‌ನಲ್ಲೋ ನಮ್ಮದೇ ಕರಾವಳಿಗೆ ಹೊರಟಾಗ ಈ ವಿವೇಕವೆಲ್ಲ ಎಲ್ಲಿ ಹೋಗುತ್ತದೆ? ಶುಕ್ರವಾರ ಸಂಜೆ ಹೊರವರ್ತುಲ ರಸ್ತೆಯ ದಟ್ಟಣೆ ದಾಟಿ, ಹೆಬ್ಬಾಳ, ನೆಲಮಂಗಲ ಕಳೆದು, ನಡುರಾತ್ರಿ ಶಿರಾಡಿ ಘಾಟಿ ಇಳಿದು, ಶನಿವಾರ ಬೆಳಗ್ಗೆ ಉಡುಪಿ, ಮಧ್ಯಾಹ್ನ ಮರವಂತೆಯಲ್ಲಿ ಹತ್ತು ನಿಮಿಷ, ಸಂಜೆ ಮುರುಡೇಶ್ವರ, ರಾತ್ರಿ ಗೋಕರ್ಣ. ಭಾನುವಾರ ಕಾರವಾರ ಮುಟ್ಟಿ ಹುಬ್ಬಳ್ಳಿ ಮಾರ್ಗವಾಗಿ ಮನೆ. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ಅಮಾಲ್ಫಿಯ ಐದು ಪಟ್ಟು ದೂರವನ್ನು ಒಂದೂವರೆ ದಿನದಲ್ಲಿ ಓಡಿ ಮುಗಿಸಿ, ಕರಾವಳಿ ನೋಡಿದೆವು ಎನ್ನುತ್ತೇವೆ.

ಇದನ್ನು ಕೇವಲ ಅಭಿರುಚಿಯ ಪ್ರಶ್ನೆಯೆಂದು ತಳ್ಳಿಹಾಕಲಾಗದು. ಇದು ಆದಾಯದ ಪ್ರಶ್ನೆಯೂ ಹೌದು. ಹಿಂದೆ 17 ಎಂದು ಕರೆಸಿಕೊಳ್ಳುತ್ತಿದ್ದ, ಈಗಿನ 66ನೇ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಯಿಂದ ಸರಕು ಸಾಗಣೆಗೆ, ಮಂಗಳೂರು–ಮಣಿಪಾಲದ ಆಸ್ಪತ್ರೆಗಳಿಗೆ ಧಾವಿಸುವ ರೋಗಿಗಳಿಗೆ ಅನುಕೂಲವಾಗಿದೆ. ಆದರೆ ಪ್ರವಾಸಿಗ ಉಳಿಸಿಕೊಂಡ ಸಮಯ ಕರಾವಳಿಗೆ ಸಲ್ಲುತ್ತಿಲ್ಲ. ಒಂದು ರಾತ್ರಿ ಉಳಿದವನು ಬಾಡಿಗೆ ಕೊಡುತ್ತಾನೆ, ಎರಡು ಹೊತ್ತು ಉಣ್ಣುತ್ತಾನೆ, ದೋಣಿ ಹತ್ತುತ್ತಾನೆ, ಆಟೊ ಹಿಡಿಯುತ್ತಾನೆ. ಹಾದುಹೋಗುವವನು ಪೆಟ್ರೋಲಿಗೂ ನೀರಿನ ಬಾಟಲಿಗೂ ಕಾಸು ಕೊಟ್ಟು, ಖಾಲಿ ಬಾಟಲಿಯನ್ನು ಊರಿಗೆ ಬಿಟ್ಟು ಹೋಗುತ್ತಾನೆ. ಇದನ್ನರಿತೇ ವೆನಿಸ್ ನಗರ 2024ರ ಏಪ್ರಿಲ್ 25ರಿಂದ, ಆಯ್ದ ದಿನಗಳಲ್ಲಿ, ಬಂದ ದಿನವೇ ಮರಳುವ ಪ್ರವಾಸಿಗರಿಗೆ 5 ಯೂರೊ ಪ್ರವೇಶ ಶುಲ್ಕ ವಿಧಿಸಿತು. ರಾತ್ರಿ ತಂಗುವವರಿಗೆ ವಿನಾಯಿತಿ ನೀಡಿತು. ನಾವಾದರೋ ಇಂದಿಗೂ ಎಷ್ಟು ಲಕ್ಷ ಮಂದಿ ಬಂದರು ಎಂದು ತಲೆ ಎಣಿಸಿ ಸಂತೋಷಪಡುತ್ತೇವೆ. ಆಡಳಿತದಲ್ಲಿ ದಶಕಗಳ ಕಾಲ ಇಂಥ ಅಂಕಿಅಂಶಗಳ ಕಡತ ತಿರುವಿದವನಾಗಿ ಹೇಳುವುದಾದರೆ, ಯಾವುದನ್ನು ಎಣಿಸುತ್ತೇವೋ ಇಲಾಖೆಗಳು ಅದನ್ನೇ ಬೆಳೆಸುತ್ತವೆ.

ವಿಪರ್ಯಾಸವೆಂದರೆ, ಭೂಮಧ್ಯ ಸಮುದ್ರದ ಕಡೆಯವರೇ ಒಂದು ಕಾಲಕ್ಕೆ ನಮ್ಮ ಕರಾವಳಿಯನ್ನು ಅರಸಿ ಬಂದವರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರ ಹಸ್ತಪ್ರತಿಯಲ್ಲಿರುವ ಅಪರಿಚಿತ ಮಾತುಗಳು ಕನ್ನಡವಿರಬಹುದೇ ಎಂಬ ಚರ್ಚೆಯಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ತೊಡಗಿದ್ದರು. ವಿದ್ವಾಂಸರಲ್ಲಿ ಇದರ ಬಗ್ಗೆ ಒಮ್ಮತವಿಲ್ಲದಿದ್ದರೂ ಪ್ರಹಸನ ನಡೆಯುವುದು ಭಾರತದ ಕಡಲ ದಂಡೆಯಲ್ಲಿ. ಮೊರೊಕ್ಕೊದ ಟ್ಯಾಂಜಿಯರ್‌ನ ಇಬ್ನ್ ಬತೂತಾ 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ದಾಖಲಿಸಿದ. ರೋಮ್‌ನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡು ಬರೆದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಹೊನ್ನಾವರದ ಶಾಲೆಗಳನ್ನು ಎಣಿಸಬೇಕಾದರೆ ಆ ಊರಿನಲ್ಲಿ ನಿಲ್ಲಬೇಕು. ಸೇತುವೆಯ ಮೇಲಿಂದ ಎಣಿಸಲಾಗದು.

ಹಾಗಾದರೆ ಯೋಜನೆ ಹೇಗಿರಬೇಕು? ನಾಲ್ಕು ದಿನವಿದ್ದರೆ ಇಡೀ ಕರಾವಳಿಯ ಆಸೆ ಬಿಟ್ಟು ಒಂದು ತುಂಡನ್ನು ಆರಿಸಿಕೊಳ್ಳಬೇಕು. ಹೊನ್ನಾವರದಿಂದ ಅಂಕೋಲೆಯವರೆಗಿನ ಐವತ್ತು ಚಿಲ್ಲರೆ ಕಿಲೋಮೀಟರ್ ಮೂರು ರಾತ್ರಿಗೆ ಧಾರಾಳ ಸಾಕು. ಬೆಂಗಳೂರಿನಿಂದ ಕಾರನ್ನೇ ಒಯ್ಯಬೇಕೆಂದೂ ಇಲ್ಲ. ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತಿಗೆ ಕರಾವಳಿಗೆ ಇಳಿಸುತ್ತದೆ. ಅಲ್ಲಿನ ಬಾಡಿಗೆ ಕಾರು ಹಿಡಿದರೆ ಹಣ ಅಲ್ಲಿನವರಿಗೇ ಸೇರುತ್ತದೆ. ಮಿರ್ಜಾನ್ ಕೋಟೆಗೆ ಒಂದು ಬೆಳಗು, ಅಘನಾಶಿನಿ ಅಳಿವೆಗೆ ಒಂದು ಇಡೀ ದಿನ ಮೀಸಲಿಡಬಹುದು. ತದಡಿಯಲ್ಲಿ ದೋಣಿ ದಾಟಬಹುದು. ಸಾಣಿಕಟ್ಟೆಯ ಉಪ್ಪಿನಾಗರ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಗದ್ದೆ, ಇಳಿತದ ವೇಳೆ ಬಳಚು ಹೆಕ್ಕುವವರನ್ನು ಕಾಣಬಹುದು. ಬೇಸಿಗೆಯಾದರೆ ಕುಮಟಾ ಬಳಿ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಅಂಕೋಲೆಯ ಕರಿ ಈಶಾಡು ಮಾವು. ಜೂನ್, ಜುಲೈ ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುವ ಕಾಲ. ಮೀನುಗಾರನೇ ಇಳಿಯದ ಕಡಲಿಗೆ ಪ್ರವಾಸಿಗ ಇಳಿಯಬಾರದು.

ಆದರೆ ಮನೆಯ ಯೋಜನೆ ಎಷ್ಟೇ ಚೆನ್ನಾಗಿದ್ದರೂ ಸರ್ಕಾರದ ಯೋಜನೆ ಕೈಕೊಟ್ಟರೆ ಪ್ರಯೋಜನವಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯೂ ಅಲ್ಲಿದ್ದವರೂ ಗಂಗಾವಳಿಯ ಪಾಲಾದರು. ನದಿಯಲ್ಲಿ ಮುಳುಗಿದ ಲಾರಿಯೊಂದನ್ನು ಮೇಲೆತ್ತಲು ಎರಡು ತಿಂಗಳು ಮೀರಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಮೂರೂ ಒಂದೇ ವರ್ಷದ ಘಟನೆಗಳು. ಎಲ್ಲವೂ ನಾವು ಓಡಾಡುವ ಇದೇ ದಾರಿಯಲ್ಲಿ ನಡೆದವು.

ಸಾಮರ್ಥ್ಯವಿಲ್ಲವೆಂಬ ನೆಪ ಇಲ್ಲಿ ಸಲ್ಲದು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳು 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಧ್ವಜದ ಮಾನ್ಯತೆ ಪಡೆದವು. ಶುಚಿತ್ವ, ಜೀವರಕ್ಷಕರು, ನೀರಿನ ಗುಣಮಟ್ಟ ಎಲ್ಲಕ್ಕೂ ಅದರಲ್ಲಿ ಲಿಖಿತ ಮಾನದಂಡವಿದೆ. ಎರಡು ತೀರಗಳಲ್ಲಿ ಸಾಧ್ಯವಾದುದು ಉಳಿದೆಡೆ ಏಕೆ ಅಸಾಧ್ಯ? ಪ್ರತಿ ಮೇ ತಿಂಗಳಲ್ಲಿ ಹೆದ್ದಾರಿಯ ಅಪಾಯಕಾರಿ ಗುಡ್ಡಗಳ ಮತ್ತು ಸೇತುವೆಗಳ ತಪಾಸಣಾ ವರದಿಯನ್ನು ಸಾರ್ವಜನಿಕರ ಮುಂದಿಡಬೇಕು. ಜನ ನೀರಿಗಿಳಿಯುವ ಪ್ರತಿ ತೀರದಲ್ಲೂ ಜೀವರಕ್ಷಕರಿರಬೇಕು. ಸಾಲು ರಜೆಗಳಲ್ಲಿ ಗೋಕರ್ಣದ ಇಕ್ಕಟ್ಟಿನ ಬೀದಿಗಳಿಗೆ ವಾಹನಗಳ ಮಿತಿ ಹಾಕಬೇಕು. ಪ್ರವಾಸೋದ್ಯಮದ ಲೆಕ್ಕ ತಲೆಗಳಿಂದ ರಾತ್ರಿಗಳಿಗೆ ಬದಲಾಗಬೇಕು.

ಅಮಾಲ್ಫಿಗೆ ಹೋಗಬಯಸುವವರು ಅವಶ್ಯ ಹೋಗಿಬರಲಿ. ಅಲ್ಲಿ ತಲೆಬಾಗಿ ಪಾಲಿಸಿದ ನಿಯಮವನ್ನೂ ತೋರಿದ ತಾಳ್ಮೆಯನ್ನೂ ಮರಳಿ ಬರುವಾಗ ತರಲಿ. ಸುಂಕ ಕಟ್ಟದೆ ತರಬಹುದಾದ ಸರಕು ಅದೊಂದೇ. ನಮ್ಮ ಕರಾವಳಿಗೆ ತುರ್ತಾಗಿ ಬೇಕಾದುದೂ ಅದೇ.