‘ಸುಮ್ಮನೆ ಕೇಳಿ’ ಎನ್ನುವವರಿಗೆ

ಹಿನ್ನೆಲೆಯಂತೆ ಆವರಿಸುವ ಆಂಬಿಯೆಂಟ್ ಮತ್ತು ಪ್ರಾಯೋಗಿಕ ಸಂಗೀತದ ಆಲ್ಬಮ್‌ಗಳನ್ನು ಕಛೇರಿಯಷ್ಟೇ ನಿಷ್ಠುರವಾಗಿ ವಿಮರ್ಶಿಸಬೇಕು ಎಂದು ನಾನು ಬರೆದದ್ದಕ್ಕೆ ಎರಡು ಬಣಗಳಿಂದ ವಿರೋಧ ಬಂದಿದೆ. ಇದು ಸಂಗೀತವೇ ಅಲ್ಲ, ಹಾಗಾಗಿ ವಿಮರ್ಶೆ ಬೇಡ ಎನ್ನುತ್ತದೆ ಮೊದಲನೆಯದು. ಇದು ಸಂಗೀತಕ್ಕಿಂತ ದೊಡ್ಡದು, ಬರೀ ಅನುಭವ, ಹಾಗಾಗಿ ವಿಮರ್ಶೆ ಬೇಡ ಎನ್ನುತ್ತದೆ ಎರಡನೆಯದು. ಹಿಡಿದ ದಾರಿ ಬೇರೆಯಾದರೂ ಇಬ್ಬರೂ ತಲುಪಿದ ಊರು ಒಂದೇ. ನಡುವೆ ಬೆಂಗಳೂರಿನಲ್ಲಿ ನಾನಿರುವ ಹೇರೋಹಳ್ಳಿಯನ್ನೂ ಎಳೆದು ತಂದಿದ್ದಾರೆ: ಮಾಗಡಿ ರಸ್ತೆಯ ಹಾರನ್ ನಡುವೆ ಕೂತವನು ಸೂಕ್ಷ್ಮ ಶಬ್ದದ ಬಗ್ಗೆ ಮಾತಾಡುವುದು ಯಾವ ನ್ಯಾಯ ಎಂದು. ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: “ಶ್ರುತಿ ಕೂಡಿಸಿಟ್ಟು, ಹಾಡದೆ ಎದ್ದುಹೋದ ಹಾಗಿದೆ”

ಸಂಗೀತ ಪಾಠ ಹೇಳುವ ಹಿರಿಯರೊಬ್ಬರ ಮಾತಿದು. ಬಂದ ಟೀಕೆಗಳಲ್ಲೆಲ್ಲ ಇದೇ ಚೆಂದದ್ದು. ಅವರ ತಂಬೂರಿಯಿಂದಲೇ ಶುರು ಮಾಡೋಣ.

ಸಿ.ವಿ. ರಾಮನ್ ಇನ್ನೂ ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಯಾವ ಉಪಸ್ವರದ ನಿಶ್ಚಲ ಬಿಂದು ಬೀಳುತ್ತದೋ ಆ ಉಪಸ್ವರ ಕೇಳಿಸಕೂಡದು ಎಂಬುದು ಆಗಿನ ಭೌತಶಾಸ್ತ್ರದ ನಿಯಮ. ತಂಬೂರಿಯಲ್ಲಿ ಅದು ಕೇಳಿಸುತ್ತಿತ್ತು. ಅಗಲವಾದ, ಬಾಗಿದ ಕುದುರೆ, ಅದರ ಮೇಲೆ ತಂತಿಯ ಅಡಿಯಲ್ಲಿ ಸಿಕ್ಕಿಸುವ ಎಳೆ, ಕಂಪಿಸುವ ತಂತಿ ಕುದುರೆಯನ್ನು ಮತ್ತೆ ಮತ್ತೆ ಸವರಿ ಬಿಡುವ ರೀತಿ: ಇವೆಲ್ಲ ಸೇರಿ ಉಪಸ್ವರಗಳು ಒಂದರ ಹಿಂದೊಂದು ಮೇಲೇಳುತ್ತವೆ. ಅಂದರೆ ‘ಏನೂ ಆಗುತ್ತಿಲ್ಲ’ ಎಂದು ನಾವು ತಿಳಿಯುವ ಆ ಒಂದೇ ಸ್ವರದೊಳಗೆ ಆಗುವುದು ಬಹಳವಿದೆ. ನೊಬೆಲ್ ಪಡೆಯಲಿದ್ದ ವಿಜ್ಞಾನಿಗೆ ಪ್ರಬಂಧ ಬರೆಯುವಷ್ಟು ಆಗುತ್ತಿತ್ತು.

ಇನ್ನೊಂದು ಮಾತು. ಕಛೇರಿಯಲ್ಲಿ ತಂಬೂರಿಯ ಪಂಚಮ ಕೂದಲೆಳೆಯಷ್ಟು ಇಳಿದರೂ ಈ ಹಿರಿಯರ ಹುಬ್ಬು ಮೇಲೇರುತ್ತದೆ. ಗಾಯಕ ಬಾಯಿ ತೆರೆಯುವ ಮೊದಲೇ ‘ಇವತ್ತು ಶ್ರುತಿ ಚೆನ್ನಾಗಿ ಕೂತಿದೆ’ ಎಂದು ತೀರ್ಪು ಕೊಡುತ್ತಾರೆ. ಹಾಡಿಲ್ಲದ ಬರಿಯ ನಾದವನ್ನು ಅಳೆಯುವ ಕಿವಿ ಅವರಲ್ಲಿ ಇದೆ, ಬಳಕೆಯಲ್ಲೂ ಇದೆ. ಅದಕ್ಕೆ ವಿಮರ್ಶೆ ಎಂಬ ಹೆಸರು ಕೊಡಲು ಮಾತ್ರ ಅವರು ಒಪ್ಪುತ್ತಿಲ್ಲ.

ಅವರ ಮಾತಿನಲ್ಲಿ ಒಂದು ಅಂಶ ಸರಿ. ತಂಬೂರಿ ಇರುವುದು ಹಾಡನ್ನು ಹೊರುವುದಕ್ಕೆ. ಹಾಡೇ ಇಲ್ಲದೆ ಒಂದೇ ನಾದವನ್ನು ಎಳೆದು ನಿಲ್ಲಿಸುವ ಡ್ರೋನ್ ಆಲ್ಬಮ್ ತನ್ನ ಭಾರವನ್ನು ತಾನೇ ಹೊರಬೇಕು. ಹಾಗಾದರೆ ಅದನ್ನು ಹೆಚ್ಚು ಬಿಗಿಯಾಗಿ ಪರೀಕ್ಷಿಸಬೇಕಾಗುತ್ತದೆ. ನಾನು ಕೇಳಿದ್ದೂ ಅದನ್ನೇ.

ಎರಡು: “ಗಮನವಿಟ್ಟು ಕೇಳಿದರೆ ಅದರ ಉದ್ದೇಶವೇ ಕೆಡುತ್ತದೆ”

ಈ ವಾದ ಹೊಸದೇನಲ್ಲ. ಆಂಬಿಯೆಂಟ್ ಸಂಗೀತಗಾರ ಬ್ರಯನ್ ಈನೋ 1970ರ ದಶಕದ ಕೊನೆಯಲ್ಲಿ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಎಂಬ ಆಲ್ಬಮ್ ಹೊರತಂದಾಗ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಹೆಚ್ಚುಕಡಿಮೆ ಹೀಗೇ ಬರೆದಿದ್ದರು: ಕುಶಲತೆ ಇದೆ, ಆದರೆ ಅದನ್ನು ಕಾಣಬೇಕಾದರೆ ಸಂಗೀತದ ಉದ್ದೇಶಕ್ಕೇ ಎದುರಾಗಿ ಗಮನವಿಡಬೇಕು ಎಂದು. ಈನೋ ಕೇಳಿದ್ದು ಎರಡನ್ನೂ. ಈ ಸಂಗೀತವನ್ನು ಅಲಕ್ಷಿಸಲೂ ಆಗಬೇಕು, ಲಕ್ಷ್ಯ ಕೊಟ್ಟರೆ ಅದಕ್ಕೆ ತಕ್ಕ ಫಲವೂ ಸಿಗಬೇಕು. ನನ್ನ ಎದುರಾಳಿಗಳು ಮೊದಲರ್ಧವನ್ನು ಬಾಯಿಪಾಠ ಮಾಡಿ ಎರಡನೆಯರ್ಧವನ್ನು ಕೈಬಿಟ್ಟಿದ್ದಾರೆ.

ಇನ್ನೂ ಹಿಂದೆ ಹೋಗಿ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸಂಯೋಜಕ ಎರಿಕ್ ಸಾತಿ, ಮನೆಯ ಪೀಠೋಪಕರಣದಂತೆ ಸುಮ್ಮನೆ ಬಿದ್ದಿರಬೇಕಾದ ಸಂಗೀತವೊಂದನ್ನು ನಾಟಕದ ಬಿಡುವಿನಲ್ಲಿ ನುಡಿಸಿಸಿದ. ಜನ ಮಾತು ನಿಲ್ಲಿಸಿ ಕೇಳತೊಡಗಿದರು. ‘ಮಾತಾಡಿ, ಓಡಾಡಿ, ಕೇಳಬೇಡಿ’ ಎಂದು ಆತ ಹುರಿದುಂಬಿಸಬೇಕಾಯಿತು. ಕಿವಿಗಳು ಸಂಯೋಜಕನ ಅಪ್ಪಣೆ ಪಾಲಿಸುವುದಿಲ್ಲ. ಪಾಲಿಸಬೇಕಾದ ಅಗತ್ಯವೂ ಇಲ್ಲ.

ಮೂರು: “ವಿಮರ್ಶೆಗೆ ಅಲ್ಲಿ ಹಿಡಿಯೇ ಇಲ್ಲ, ಬರೀ ವಿಶೇಷಣಗಳು”

ನನಗೆ ನಿಜವಾಗಿ ನಾಟಿದ ಆಕ್ಷೇಪ ಇದು. ಆಂಬಿಯೆಂಟ್ ಬಗ್ಗೆ ಬರುವ ಬರಹಗಳಲ್ಲಿ ಬಹುಪಾಲು ‘ಅನಂತ’, ‘ಅಲೌಕಿಕ’, ‘ಮಂಜಿನಂತೆ’ ಎಂಬ ಪದಗಳ ರಾಶಿ. ರಾಗದ ಹೆಸರಿಲ್ಲ, ತಾಳವಿಲ್ಲ, ಸಾಹಿತ್ಯವಿಲ್ಲ. ಬರೆಯುವವನು ಹಿಡಿಯುವುದಾದರೂ ಏನನ್ನು? ಹಿಡಿಯಲು ಸಿಗುವುದನ್ನು ಮೂರು ಆಲ್ಬಮ್‌ಗಳ ಮೂಲಕ ತೋರಿಸುತ್ತೇನೆ.

ಮೊದಲನೆಯದು ಕಾಲದ ರಚನೆ. ‘ಏರ್‌ಪೋರ್ಟ್ಸ್’ನ ಎರಡನೆಯ ಭಾಗದಲ್ಲಿ ಕಂಠಗಳ ಒಂದೊಂದೇ ಸ್ವರವನ್ನು ಬೇರೆ ಬೇರೆ ಉದ್ದದ ಟೇಪಿನ ಸುರುಳಿಗಳಲ್ಲಿ ತಿರುಗಿಸಿದ್ದಾರೆ. ಒಂದು ಸುಮಾರು ಇಪ್ಪತ್ಮೂರೂವರೆ ಸೆಕೆಂಡಿಗೆ ಮರಳುತ್ತದೆ, ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಸುಮಾರು 30ಕ್ಕೆ. ಆವರ್ತಗಳು ಒಂದಕ್ಕೊಂದು ಹೊಂದದ್ದರಿಂದ ಸ್ವರಗಳು ಪ್ರತಿಸಲವೂ ಹೊಸ ಜೋಡಿಯಲ್ಲಿ ಸೇರುತ್ತವೆ. ಬೇರೆ ಬೇರೆ ನಡೆಗಳು ಎಲ್ಲಿ ಕೂಡುತ್ತವೆ ಎಂದು ತೊಡೆಯ ಮೇಲೆ ಲೆಕ್ಕ ಹಾಕುವ ನಮ್ಮ ಕೇಳುಗರಿಗೆ ಇದು ಅಪರಿಚಿತ ಆಟವಲ್ಲ. ಇಲ್ಲಿ ಸ್ವರಗಳ ನಡುವಿನ ಬಿಡುವು ಸ್ವರದಷ್ಟೇ ಕೆಲಸ ಮಾಡುತ್ತದೆ. ಅದೇ ಆಲ್ಬಮಿನ ಕೊನೆಯ ಸಿಂಥಸೈಜರ್ ಭಾಗ ನನ್ನ ಮಟ್ಟಿಗೆ ದುರ್ಬಲ. ಮಾಧುರ್ಯವಿದೆ, ಅನಿವಾರ್ಯತೆ ಇಲ್ಲ. ಅರ್ಧಕ್ಕೆ ನಿಲ್ಲಿಸಿದರೂ ಏನೂ ನಷ್ಟವಾಗದು.

ಎರಡನೆಯದು ಜಾಗ. ಪಾಲೀನ್ ಒಲಿವೆರೋಸ್ ಮತ್ತು ಸಂಗಡಿಗರು 1988ರಲ್ಲಿ ವಾಷಿಂಗ್ಟನ್ ರಾಜ್ಯದ ನೆಲದಡಿಯ ಬೃಹತ್ ನೀರಿನ ತೊಟ್ಟಿಗೆ ಇಳಿದು ನುಡಿಸಿದರು. ‘ಡೀಪ್ ಲಿಸನಿಂಗ್’ ಆಲ್ಬಮ್ ಆದದ್ದು ಹಾಗೆ. ಅಲ್ಲಿ ಒಂದು ನಾದ ಮಾಯವಾಗಲು 45 ಸೆಕೆಂಡು ಬೇಕು. ವಾದಕರು ಈಗಿನ ಸ್ವರವನ್ನು ಮುಕ್ಕಾಲು ನಿಮಿಷದ ಹಿಂದಿನ ಸ್ವರದ ಜತೆ ಹೊಂದಿಸಬೇಕು. ಯಾರು ತಡೆದರು, ಯಾರು ನುಗ್ಗಿದರು, ಯಾರು ಜಾಗ ಬಿಟ್ಟುಕೊಟ್ಟರು ಎಂದು ಕೇಳಬಹುದು, ಬರೆಯಬಹುದು. ಕಂಪ್ಯೂಟರಿನಲ್ಲಿ ಗುಂಡಿಯೊತ್ತಿ ಪ್ರತಿಧ್ವನಿ ಸವರಿದ ನೂರಾರು ಆಲ್ಬಮ್‌ಗಳು ಇದರ ಪಕ್ಕದಲ್ಲಿ ಏಕೆ ಪೇಲವ ಎನ್ನುವುದಕ್ಕೆ ಕಾರಣವೂ ಇಲ್ಲಿಯೇ ಸಿಗುತ್ತದೆ: ಅವುಗಳಲ್ಲಿ ಯಾರೂ ಯಾರಿಗೂ ಕಾಯುತ್ತಿಲ್ಲ.

ಮೂರನೆಯದು ಉದ್ದ. ವಿಲಿಯಂ ಬಸಿನ್‌ಸ್ಕಿಯ ‘ಡಿಸಿಂಟಿಗ್ರೇಷನ್ ಲೂಪ್ಸ್’ನಲ್ಲಿ ಹಳೆಯ ಟೇಪಿನ ಕಾಂತೀಯ ಲೇಪ ಯಂತ್ರದಲ್ಲಿ ತಿರುಗುತ್ತ ತಿರುಗುತ್ತ ಉದುರುತ್ತದೆ. ಸಣ್ಣ ಸ್ವರಗುಚ್ಛವೊಂದು ಗಂಟೆಗೂ ಮೀರಿ ನಮ್ಮ ಕಿವಿಯೆದುರೇ ಸವೆಯುತ್ತದೆ. ಸವೆತವನ್ನು ಬೇಗ ತೋರಿಸಲಾಗದು, ಹಾಗಾಗಿ ಮೊದಲ ಭಾಗಕ್ಕೆ ಆ ಉದ್ದ ಸಲ್ಲುತ್ತದೆ. ಕೃತಿಯ ನಾಲ್ಕೂ ಸಂಪುಟಗಳಿಗೆ ಸಲ್ಲುವುದಿಲ್ಲ. ಅದೇ ಉಪಾಯ ಮತ್ತೆ ಮತ್ತೆ ಬಂದಾಗ ನಾವು ಸಂಗೀತವನ್ನು ಬಿಟ್ಟು, 2001ರ ಸೆಪ್ಟೆಂಬರ್ 11ರ ದಾಳಿಯ ನ್ಯೂಯಾರ್ಕಿನೊಂದಿಗೆ ಅಂಟಿಕೊಂಡ ಅದರ ಕಥೆಯನ್ನು ಕೇಳತೊಡಗುತ್ತೇವೆ.

ಒಪ್ಪದಿದ್ದರೆ ವಾದಿಸಿ. ವಾದಿಸಲು ಬರುತ್ತದೆ ಎಂದಾದರೆ ವಿಮರ್ಶೆಗೆ ಹಿಡಿ ಇದೆ ಎಂದಾಯಿತು.

ನಾಲ್ಕು: “ಇದು ಇಂದಿರಾನಗರದ ಶೋಕಿ, ಕನ್ನಡದಲ್ಲಿ ಇದಕ್ಕೆ ಬೇರಿಲ್ಲ”

ಬೇರು ಹುಡುಕುವವರು ಮೊದಲು ಕುಂದಗೋಳದ ಕಡೆ ನೋಡಲಿ. ಅಬ್ದುಲ್ ಕರೀಂ ಖಾನರಿಂದ ಆ ಊರಿನ ಸವಾಯಿ ಗಂಧರ್ವರಿಗೆ, ಅಲ್ಲಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂದದ್ದು ಕಿರಾನಾ ಘರಾಣೆ. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ತಂಬೂರಿಯಲ್ಲಿ ಕರಗಿಸುವ ಗಾಯನ ಅದು. ಇದೇ ಘರಾಣೆಯ ಇನ್ನೊಂದು ಕವಲು ಅಬ್ದುಲ್ ವಹೀದ್ ಖಾನರದು. ಅವರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ಹೋದರು. ಅವರ ಮುಂದೆ ಕೂತು ಕಲಿತವರು ಅಲ್ಲಿನ ಪ್ರಾಯೋಗಿಕ ಸಂಗೀತಗಾರರಾದ ಲಾ ಮಾಂಟ್ ಯಂಗ್, ಟೆರ್ರಿ ರೈಲಿ, ಜಾನ್ ಹ್ಯಾಸೆಲ್. ಇದೇ ಹ್ಯಾಸೆಲ್ 1980ರಲ್ಲಿ ಈನೋ ಜತೆ ‘ಫೋರ್ತ್ ವರ್ಲ್ಡ್’ ಆಲ್ಬಮ್ ಮಾಡಿದರು. ಆಂಬಿಯೆಂಟ್ ಧಾರವಾಡದಲ್ಲಿ ಹುಟ್ಟಿತು ಎಂಬ ಹುಸಿ ಹೆಮ್ಮೆ ನನಗೆ ಬೇಡ. ಆದರೆ ಅದನ್ನು ಕಟ್ಟಿದವರಲ್ಲಿ ಕೆಲವರು ಕಲಿತದ್ದು ನಮ್ಮ ಸೋದರ ಮನೆತನದಲ್ಲಿ.

ಪ್ರಯೋಗದ ಮಾತಿಗೆ ಬಿ.ವಿ. ಕಾರಂತರೊಬ್ಬರೇ ಸಾಕು. ಕೈಗೆ ಸಿಕ್ಕ ಯಾವ ವಸ್ತುವನ್ನೂ ವಾದ್ಯವಾಗಿಸಬಲ್ಲ ಅವರ ರಂಗಸಂಗೀತದಲ್ಲಿ ಶಬ್ದಕ್ಕೂ ಸಂಗೀತಕ್ಕೂ ನಡುವೆ ಬೇಲಿ ಇರಲಿಲ್ಲ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ 1976 ಮತ್ತು 1977ರ ಸಾಲಿನ ರಾಷ್ಟ್ರಪ್ರಶಸ್ತಿಗಳು ಬೆನ್ನುಬೆನ್ನಿಗೆ ಅವರಿಗೇ ಬಂದವು. ‘ಏರ್‌ಪೋರ್ಟ್ಸ್’ ಬಂದದ್ದು ಅದಾದ ಮೇಲೆ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಚಿತ್ರ ನೋಡಿದವರು ಮತ್ತೊಮ್ಮೆ ಕಣ್ಣು ಮುಚ್ಚಿ ಅದನ್ನು ಕೇಳಲಿ.

ಯಂತ್ರ ಬೇಕೆನ್ನುವವರಿಗೆ ಯಂತ್ರವೂ ಇದೆ. ಕೊಳಲು ಬಲ್ಲ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಕಟ್ಟಿದ ಬೆಂಗಳೂರಿನ ರೇಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಪಾಠದ ಮನೆಗಳಿಗೆ ತಲುಪಿಸಿತು. ಗಂಟೆಗಟ್ಟಲೆ ಡ್ರೋನ್ ಹೊರಡಿಸುವ ಪೆಟ್ಟಿಗೆಯನ್ನು ದೇವರ ಪಟದ ಪಕ್ಕದಲ್ಲಿಟ್ಟುಕೊಂಡ ಊರು ಡ್ರೋನ್ ಸಂಗೀತ ಆಮದಿನದು ಎನ್ನುವುದು ತಮಾಷೆ. ಇತ್ತ 2012ರಲ್ಲಿ ಸಲ್ಕ್ ಸ್ಟೇಷನ್ ಎಂಬ ಸಂಗೀತ ಜೋಡಿಯ ಆಲ್ಬಮ್ ‘ಟಿಲ್ ಯೂ ಅಪಿಯರ್’ ಬಂತು; ಹಿಂದೂಸ್ತಾನಿ ಕಲಿತ ಕಂಠ ಎಲೆಕ್ಟ್ರಾನಿಕ್ ನಾದದಲ್ಲಿ ನೆನೆದದ್ದನ್ನು ಅದರಲ್ಲಿ ಕೇಳಬಹುದು. ಬೆಂಗಳೂರಿನ ಧ್ವನಿಮುದ್ರಕ ಉಮಾಶಂಕರ ಮಂತ್ರವಾದಿಯವರು ಪ್ರಾಚೀನ ರಂಗಸ್ಥಳಗಳಲ್ಲಿ ಶಬ್ದ ಹೇಗೆ ವರ್ತಿಸುತ್ತದೆಂದು ತಾವೇ ಕಟ್ಟಿದ ಮೈಕುಗಳಿಂದ ಅಳೆದವರು. 2020ರಲ್ಲಿ ಬರ್ಲಿನ್‌ನಲ್ಲಿ ಅವರ ಕೆಲಸವನ್ನೇ ಆಧರಿಸಿ ಒಂದು ಪ್ರದರ್ಶನ ನಡೆಯಿತು. ಬೇರಿಲ್ಲ ಎಂಬ ಮಾತು ಅಗೆದು ನೋಡದವರದು.

ಐದು: “ಹೇರೋಹಳ್ಳಿಯಲ್ಲಿ ಕೂತು ಇದನ್ನು ಕೇಳಲು ಸಾಧ್ಯವೇ?”

ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ಸುಂಕದಕಟ್ಟೆ ಕಡೆಯಿಂದ ಬ್ಯಾಡರಹಳ್ಳಿಯವರೆಗೆ ಒಮ್ಮೆ ನಡೆದು ಬಂದವರಿಗೆ ಈ ಅಂಕಿ ನಗು ತರಿಸೀತು. ಲೇತ್ ಮೆಷಿನ್ನು, ನೀರಿನ ಟ್ಯಾಂಕರು, ಬೋರ್‌ವೆಲ್ ಮೋಟಾರು, ತಿರುವಿನಲ್ಲಿ ಬಿಎಂಟಿಸಿ ಬಸ್ಸು, ಮೇಲೆ ಹಬ್ಬದ ಧ್ವನಿವರ್ಧಕ. ಇದನ್ನೆಲ್ಲ ‘ಇದೂ ಸಂಗೀತವೇ’ ಎಂದು ಹಾಡಿಹೊಗಳುವ ಜಾತಿ ನನ್ನದಲ್ಲ. ಲೇತ್ ಪಕ್ಕ ದಿನವಿಡೀ ನಿಲ್ಲುವವನ ಕಿವಿಗೆ ಅದು ಹಾನಿ, ಅಷ್ಟೇ.

ಆದರೆ ಈ ಪ್ರಕಾರ ಹುಟ್ಟಿದ ಕಥೆ ನೆನಪಿರಲಿ. 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದ ಈನೋ ಕೋಣೆಯಲ್ಲಿ ಹಾರ್ಪ್ ಸಂಗೀತದ ತಟ್ಟೆಯೊಂದು ತೀರ ಸಣ್ಣ ದನಿಯಲ್ಲಿ ತಿರುಗುತ್ತಿತ್ತು. ಒಂದು ಕಡೆಯ ಸ್ಪೀಕರ್ ಕೆಲಸ ಮಾಡುತ್ತಿರಲಿಲ್ಲ, ಹೊರಗೆ ಮಳೆ. ಎದ್ದು ಸರಿಮಾಡಲಾಗದೆ ಮಳೆಯ ಜತೆಗೇ ಕೇಳಿದ್ದರಿಂದ ಅವರಿಗೆ ಸಂಗೀತದ ಹೊಸ ಸಾಧ್ಯತೆ ಹೊಳೆಯಿತು. ಕೆಟ್ಟ ಸಲಕರಣೆ, ಹೊರಗಿನ ಗದ್ದಲ, ಇವೆರಡೂ ಈ ಸಂಗೀತಕ್ಕೆ ಹುಟ್ಟಿನಿಂದಲೇ ಗೊತ್ತು. ಹಾಗಾಗಿ ಹೇರೋಹಳ್ಳಿ ಇದಕ್ಕೆ ಒಳ್ಳೆಯ ಪರೀಕ್ಷಾಕೇಂದ್ರ. ನಾನು ಒಂದೇ ಆಲ್ಬಮನ್ನು ರಾತ್ರಿ ಇಯರ್‌ಫೋನಿನಲ್ಲೂ, ಹಗಲು ಕಿಟಕಿ ತೆರೆದು ಸಣ್ಣ ಸ್ಪೀಕರಿನಲ್ಲೂ ಕೇಳುತ್ತೇನೆ. ಗಟ್ಟಿಯಾದದ್ದು ಹೊರಗಿನ ಸದ್ದಿಗೆ ಜಾಗ ಕೊಟ್ಟೂ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಜೊಳ್ಳು ಮೋಟಾರ್ ಆನ್ ಆದೊಡನೆ ಕಾಣೆಯಾಗುತ್ತದೆ. ಸದ್ದು ಬಾರದ ಕೋಣೆಯಲ್ಲಿ ಎರಡೂ ಒಂದೇ ಥರ ಕೇಳಿಸಿಯಾವು.

ಆರು: “ನಿದ್ದೆ ಬಂದರೆ ಸಾಕು, ಇನ್ನು ಮೇಲೆ ಎಐ ಮಾಡಿಕೊಡುತ್ತದೆ”

ನಿದ್ದೆಗೆ ಬೇಕಾದ್ದನ್ನು ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಮಳೆಯ ಸದ್ದಿಗೂ ಆಲ್ಬಮಿಗೂ ವ್ಯತ್ಯಾಸವೇ ಇಲ್ಲ ಎನ್ನಬೇಡಿ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಹಣದ ಲೆಕ್ಕಕ್ಕೆ ಒಂದು ಎಣಿಕೆ. ಈ ಲೆಕ್ಕ ನಂಬಿಕೊಂಡು ಮಳೆ, ಫ್ಯಾನು, ವಾಷಿಂಗ್ ಮೆಷಿನ್ನಿನ ಸದ್ದನ್ನು ಚೂರು ಚೂರು ಮಾಡಿ ಏರಿಸಿದವರಿದ್ದರು. 2024ರಿಂದ ಆ ಕಂಪನಿ ಅಂಥ ಸದ್ದುಗಳಿಗೆ ಕನಿಷ್ಠ ಎರಡು ನಿಮಿಷದ ಮಿತಿ ಹಾಕಿ, ಸಂಗೀತಕ್ಕಿಂತ ಕಡಿಮೆ ದರದ ನೀತಿ ತಂದಿತು. ಯಾವುದು ಸಂಗೀತ, ಯಾವುದು ಬರೀ ಸದ್ದು ಎಂದು ವಿಂಗಡಿಸುವ ಕೆಲಸ ಈಗಾಗಲೇ ನಡೆದಿದೆ, ಲೆಕ್ಕಪತ್ರ ವಿಭಾಗದಲ್ಲಿ. ಕೇಳುಗರು ಕೈಚೆಲ್ಲಿದರೆ ಅದು ಅಲ್ಲೇ ಉಳಿಯುತ್ತದೆ. ಎಐ ದಿನಕ್ಕೆ ಸಾವಿರ ಆಲ್ಬಮ್ ಸುರಿದರೆ ವಿಂಗಡಿಸುವ ಕಿವಿಯ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ವಿರೋಧಿಗಳಲ್ಲಿ ನನ್ನದೊಂದು ಕೋರಿಕೆ. ‘ಇದು ಸಂಗೀತವಲ್ಲ’ ಎಂದಾಗಲಿ ‘ಇದು ಮಾತಿಗೆ ಮೀರಿದ್ದು’ ಎಂದಾಗಲಿ ಬರೆದು ಮುಗಿಸಬೇಡಿ. ಯಾವ ಆಲ್ಬಮ್, ಯಾವ ಭಾಗ, ಎಷ್ಟನೇ ನಿಮಿಷ, ಅಲ್ಲಿ ಆದದ್ದೇನು, ಆಗದೇ ಹೋದದ್ದೇನು ಎಂದು ಬರೆಯಿರಿ. ಹಾಗೆ ಬರೆದವರು ನನ್ನ ತೀರ್ಪನ್ನು ತಲೆಕೆಳಗು ಮಾಡಿದರೂ ಸರಿ, ಈ ವಾದದಲ್ಲಿ ಗೆದ್ದವನು ನಾನೇ.